ಕಾಗೆಯೂ ಕೊಂಬೆಯೂ
ವಂಶವಾಹಿಗಳ ಶೋಧದಲ್ಲಿ ಆಕಸ್ಮಿಕವನ್ನು ಸತ್ಯದಿಂದ ಬೇರ್ಪಡಿಸುವ ಬಗೆ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಗೆ ಮಳೆಗಾಲದಲ್ಲಿ ಹೊರಟವರಿಗೆ ದಾರಿಯ ಇಕ್ಕೆಲಗಳಲ್ಲಿಯೂ ಎರೆಭೂಮಿ ಮಸಾರಿಭೂಮಿಗಳು ಒಂದಾದ ಮೇಲೊಂದು ಕಾಣಸಿಗುತ್ತವೆ. ಎರೆಯಲ್ಲಿ ಹತ್ತಿ, ಜೋಳ, ಮೆಣಸಿನಕಾಯಿ, ಮಸಾರಿಯಲ್ಲಿ ಶೇಂಗಾ. ಈ ಶೇಂಗಾ ಬೆಳೆಗೆ ಇಬ್ಬರು ಹಳೆಯ ಶತ್ರುಗಳುಂಟು. ಒಂದು ತುಕ್ಕು ರೋಗ, ಇನ್ನೊಂದು ಎಲೆಚುಕ್ಕೆ ರೋಗ. ಎರಡೂ ಶಿಲೀಂಧ್ರಗಳಿಂದ ಬರತಕ್ಕವು. ಎರಡೂ ಜೊತೆಗೂಡಿ ಬಂದ ವರ್ಷ ಎಲೆಗಳು ಅಕಾಲದಲ್ಲಿ ಉದುರಿ, ಕಾಯಿ ತುಂಬದೆ, ಅರ್ಧಕ್ಕೂ ಮಿಕ್ಕು ಫಸಲು ನಷ್ಟವಾಗುವುದುಂಟು. ದನಗಳಿಗೆ ಹಾಕುವ ಹೊಟ್ಟು ಸಹ ಕೆಡುತ್ತದೆ.

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ಜಿ.ಪಿ.ಬಿ.ಡಿ.-4 ಎಂಬ ಶೇಂಗಾ ತಳಿಯು ಈ ಎರಡು ರೋಗಗಳನ್ನೂ ತಾಳಿಕೊಳ್ಳುವ ಶಕ್ತಿಯುಳ್ಳದ್ದು. ಆ ಶಕ್ತಿಯು ಗಿಡದ ಯಾವ ವಂಶವಾಹಿಯಲ್ಲಿ ಅಡಗಿದೆ? ಅದು ತಿಳಿದರೆ, ಬೇರೆ ಒಳ್ಳೆಯ ತಳಿಗಳಿಗೂ ಆ ಗುಣವನ್ನು ಸಂಕರದಿಂದ ಸೇರಿಸಿ, ಸಸಿ ಚಿಕ್ಕದಾಗಿರುವಾಗಲೇ ಅದರ ಎಲೆಯ ಚೂರೊಂದನ್ನು ಪರೀಕ್ಷಿಸಿ, ಗುಣ ಬಂದಿದೆಯೋ ಇಲ್ಲವೋ ಹೇಳಬಹುದು. ರೋಗ ಬರುವವರೆಗೆ ಕಾಯಬೇಕಾಗಿಲ್ಲ. ಆದರೆ ತಪ್ಪು ವಂಶವಾಹಿಯನ್ನು ಸರಿಯಾದುದೆಂದು ನಂಬಿ ಹೊರಟರೆ, ತಳಿಗಾರರ ಹಲವು ವರ್ಷಗಳ ದುಡಿಮೆಯೂ, ಆ ಬೀಜವನ್ನು ನೆಚ್ಚಿದ ರೈತನ ಹಂಗಾಮೂ ವ್ಯರ್ಥವಾಗುತ್ತವೆ. ಸರಿಯಾದುದನ್ನು ಸಂಶಯದಿಂದ ಕೈಬಿಟ್ಟರೂ ನಷ್ಟವೇ. ಈ ಎರಡು ತಪ್ಪುಗಳ ನಡುವೆ ದಾರಿ ತೋರಿಸುವುದು ಸಂಖ್ಯಾಶಾಸ್ತ್ರದ ಕೆಲಸ. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಒಂದೇ ಪ್ರಶ್ನೆ ಇದ್ದಾಗ

ಎರಡು ಶೇಂಗಾ ತಳಿಗಳನ್ನು ಸಂಕರಿಸಿ, ಅವುಗಳ ಸಂತತಿಯಿಂದ ಇನ್ನೂರು ಬೇರೆಬೇರೆ ಸಾಲುಗಳನ್ನು ಬೆಳೆಸಿದೆವೆನ್ನಿ. ಪ್ರತಿಯೊಂದು ಸಾಲಿಗೂ ರೋಗದ ತೀವ್ರತೆಯನ್ನು 1ರಿಂದ 9ರವರೆಗೆ ಅಂಕಗಳಲ್ಲಿ ಗೊತ್ತುಮಾಡುತ್ತೇವೆ. ಬಳಿಕ ಗಿಡದ ಡಿ.ಎನ್.ಎ.ಯಲ್ಲಿ ಒಂದು ಗುರುತನ್ನು ಆರಿಸಿಕೊಳ್ಳುತ್ತೇವೆ. ಗುರುತೆಂದರೆ ವರ್ಣತಂತುವಿನ ಮೇಲೆ ಒಂದು ನಿರ್ದಿಷ್ಟ ಸ್ಥಳ. ಅಲ್ಲಿ ಕೆಲವು ಸಾಲುಗಳಿಗೆ ತಾಯಿ ತಳಿಯ ರೂಪವೂ, ಉಳಿದವಕ್ಕೆ ತಂದೆ ತಳಿಯ ರೂಪವೂ ಬಂದಿರುತ್ತದೆ. ಇವೆರಡು ಗುಂಪುಗಳ ಸರಾಸರಿ ರೋಗಾಂಕಗಳಲ್ಲಿ ವ್ಯತ್ಯಾಸ ಕಂಡರೆ, ಆ ಗುರುತಿನ ಸಮೀಪದಲ್ಲಿ ರೋಗನಿರೋಧಕ ವಂಶವಾಹಿ ಇರಬಹುದೆಂದು ಊಹಿಸುತ್ತೇವೆ.

ಆದರೆ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿಯೂ ತೋರಬಹುದಷ್ಟೆ? ಕಾಗೆ ಬಂದು ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತೆಂದ ಮಾತ್ರಕ್ಕೆ ಕಾಗೆಯೇ ಕೊಂಬೆಯನ್ನು ಮುರಿಯಿತೆನ್ನಲಾಗದು. ಆದುದರಿಂದ ವಿಜ್ಞಾನಿಯು ಹೀಗೆ ಕೇಳುತ್ತಾನೆ: ಗುರುತಿಗೂ ರೋಗಕ್ಕೂ ಯಾವ ಸಂಬಂಧವೂ ಇಲ್ಲವೆಂದೇ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕೂ ದೊಡ್ಡ ವ್ಯತ್ಯಾಸವು ಆಕಸ್ಮಿಕವಾಗಿ ತೋರುವ ಸಂಭವವೆಷ್ಟು? ಈ ಸಂಭವಕ್ಕೆ ಪಿ-ಮೌಲ್ಯವೆಂದು ಹೆಸರು. ಇಂಗ್ಲೆಂಡಿನ ರೊನಾಲ್ಡ್ ಫಿಶರರು 1925ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಭಾವದಿಂದ, ಪಿ-ಮೌಲ್ಯವು 0.05ಕ್ಕಿಂತ, ಅಂದರೆ ಇಪ್ಪತ್ತಕ್ಕೆ ಒಂದಕ್ಕಿಂತ, ಕಡಿಮೆಯಾದರೆ ಫಲಿತಾಂಶವು ಗಮನಾರ್ಹವೆಂದು ಹೇಳುವ ರೂಢಿ ಬೆಳೆಯಿತು. ಒಂದೇ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಈ ರೂಢಿಯು ಬಹುಮಟ್ಟಿಗೆ ಸಾಕು.

ಸಾವಿರ ಪ್ರಶ್ನೆ ಇದ್ದಾಗ

ಈಗ ಬೇರೊಂದು ಪ್ರಯೋಗವನ್ನು ಮನಸ್ಸಿನಲ್ಲಿಯೇ ಮಾಡಿ ನೋಡಿರಿ. ಒಂದು ಕಾಲೇಜಿನ 1,024 ವಿದ್ಯಾರ್ಥಿಗಳು ತಲಾ ಒಂದೊಂದು ರೂಪಾಯಿ ನಾಣ್ಯವನ್ನು ಹತ್ತು ಸಲ ಚಿಮ್ಮುತ್ತಾರೆ. ಒಬ್ಬ ವಿದ್ಯಾರ್ಥಿಗೆ ಹತ್ತೂ ಸಲ ಸಿಂಹಮುದ್ರೆಯೇ ಬೀಳುವ ಸಂಭವ 1,024ಕ್ಕೆ ಒಂದು. ಅವನನ್ನಷ್ಟೇ ನೋಡಿದರೆ ಇದೊಂದು ಪವಾಡವೆನಿಸೀತು. ನಾಣ್ಯದಲ್ಲಿಯೇ ಮೋಸವಿರಬೇಕೆಂದು ಯಾರಾದರೂ ವಾದಿಸಲೂಬಹುದು. ಆದರೆ ಚಿಮ್ಮಿದವರು 1,024 ಮಂದಿ. ಅಷ್ಟು ಮಂದಿಯಲ್ಲಿ ಒಬ್ಬನಿಗಾದರೂ ಹೀಗಾಗುವ ಸಂಭವ ನೂರಕ್ಕೆ 63! ಪವಾಡ ಕಾಣದಿದ್ದರೇ ಸ್ವಲ್ಪ ಆಶ್ಚರ್ಯಪಡಬೇಕು.

ವಂಶವಾಹಿಗಳ ಶೋಧದಲ್ಲಿಯೂ ಇದೇ ತೊಡಕು. ಇಪ್ಪತ್ತು ಗುರುತುಗಳನ್ನು ಪರೀಕ್ಷಿಸಿದರೆ, ಅವು ಪರಸ್ಪರ ಸ್ವತಂತ್ರವಾಗಿದ್ದು ಯಾವುದಕ್ಕೂ ರೋಗದ ಸಂಬಂಧವೇ ಇಲ್ಲದಿದ್ದರೂ, ಒಂದಾದರೂ 0.05ರ ಗೆರೆಯನ್ನು ದಾಟುವ ಸಂಭವ ನೂರಕ್ಕೆ 64. ನೂರು ಗುರುತುಗಳಾದರೆ ನೂರಕ್ಕೆ 99ಕ್ಕೂ ಹೆಚ್ಚು. ಶೇಂಗಾ ಗಿಡಕ್ಕೆ 40 ವರ್ಣತಂತುಗಳುಂಟು. 2017ರಲ್ಲಿ ಶೇಂಗಾಕ್ಕಾಗಿಯೇ ಸಿದ್ಧವಾದ ಪರೀಕ್ಷಾಫಲಕವೊಂದರಲ್ಲಿ 58,233 ಗುರುತುಗಳನ್ನು ಒಂದೇ ಸಲ ಓದಬಹುದು. ಇವುಗಳಲ್ಲಿ ಒಂದಕ್ಕೂ ರೋಗದ ಸಂಬಂಧವಿಲ್ಲವೆಂದೇ ಎಣಿಸಿದರೂ, 0.05ರ ಗೆರೆಯನ್ನು ದಾಟಿ ‘ನಾನೇ, ನಾನೇ’ ಎಂದು ಕೂಗುವ ಗುರುತುಗಳು ಸರಾಸರಿ 2,900! ತೋಪಿನ ತುಂಬ ಕಾಗೆಗಳಿದ್ದರೆ ಯಾವುದಾದರೊಂದು ಕೊಂಬೆ ಮುರಿಯುವಾಗ ಅಲ್ಲೊಂದು ಕಾಗೆ ಇದ್ದೇ ಇರುತ್ತದೆ.

ಭೌತವಿಜ್ಞಾನಿಗಳೂ ಈ ಬಲೆಯನ್ನು ಬಲ್ಲರು. 2015ರ ಡಿಸೆಂಬರಿನಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದ ಎರಡು ತಂಡಗಳಿಗೆ 750 ಗಿಗಾ ಎಲೆಕ್ಟ್ರಾನ್ ವೋಲ್ಟಿನ ಸುಮಾರಿಗೆ ಹೊಸ ಕಣವೊಂದರ ಸುಳಿವು ಕಂಡಿತು. ಅಟ್ಲಾಸ್ ತಂಡದವರು ತರುವಾಯ ಪ್ರಕಟಿಸಿದ ಲೆಕ್ಕದಂತೆ, ಆ ಒಂದೇ ಸ್ಥಳವನ್ನು ನೋಡಿದರೆ ಅಂಥ ಉಬ್ಬು ಆಕಸ್ಮಿಕವಾಗಿ ಬರುವ ಸಂಭವ ಸುಮಾರು 20 ಸಾವಿರಕ್ಕೆ ಒಂದು. ಆದರೆ ಅವರು ಹುಡುಕಿದ ಎಲ್ಲ ಸ್ಥಳಗಳನ್ನೂ ಲೆಕ್ಕಕ್ಕೆ ಹಿಡಿದರೆ ಸಂಭವವು ಐವತ್ತು ಅರವತ್ತಕ್ಕೆ ಒಂದಕ್ಕೆ ಏರುತ್ತಿತ್ತು. ಅಷ್ಟರಲ್ಲಿ ಈ ಕಣದ ಮೇಲೆ ನೂರಾರು ಪ್ರಬಂಧಗಳು ಹೊರಬಂದಿದ್ದವು. 2016ರ ಆಗಸ್ಟಿನಲ್ಲಿ ಹೆಚ್ಚಿನ ದತ್ತಾಂಶ ಬಂದೊಡನೆ ಉಬ್ಬು ಕರಗಿಹೋಯಿತು, ಕಣವಿರಲಿಲ್ಲ. ಹೊಸ ಕಣದ ಶೋಧವನ್ನು ಸಾರಲು ಆಕಸ್ಮಿಕದ ಸಂಭವವು 35 ಲಕ್ಷಕ್ಕೆ ಒಂದರಷ್ಟು ಚಿಕ್ಕದಾಗಿರಬೇಕೆಂದು ಭೌತವಿಜ್ಞಾನಿಗಳು ಕಟ್ಟುಮಾಡಿಕೊಂಡಿರುವುದಕ್ಕೆ ಇಂಥ ಅನುಭವಗಳೇ ಕಾರಣ.

ಬಿಗಿಯಾದ ಜರಡಿ

ಇದಕ್ಕೆ ಪರಿಹಾರವೇನು? ಅತ್ಯಂತ ಸರಳವಾದ ಉಪಾಯವು ಇಟಲಿಯ ಗಣಿತಜ್ಞ ಕಾರ್ಲೊ ಬೊನ್ಫೆರೋನಿಯವರ ಹೆಸರಿನಿಂದ ಪ್ರಸಿದ್ಧವಾಗಿದೆ. ಅವರು 1936ರಲ್ಲಿ ಪ್ರಕಟಿಸಿದ ಅಸಮತೆಗಳೇ ಇದಕ್ಕೆ ಆಧಾರ. ಎಷ್ಟು ಪರೀಕ್ಷೆಗಳನ್ನು ಮಾಡಿದ್ದೇವೆಯೋ ಅಷ್ಟರಿಂದ 0.05ನ್ನು ಭಾಗಿಸಬೇಕು, ಬಂದ ಸಂಖ್ಯೆಯೇ ಹೊಸ ಗೆರೆ. ಹತ್ತು ಪರೀಕ್ಷೆಗಳಾದರೆ 0.005, ಶೇಂಗಾದ 58,233 ಗುರುತುಗಳಾದರೆ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಹೀಗೆ ಮಾಡಿದರೆ ಇಡೀ ಶೋಧದಲ್ಲಿ ಒಂದೇ ಒಂದು ಸುಳ್ಳು ಗುರುತಾದರೂ ನುಸುಳುವ ಸಂಭವವು ಇಪ್ಪತ್ತಕ್ಕೆ ಒಂದನ್ನು ಮೀರುವುದಿಲ್ಲ. ಮನುಷ್ಯನ ಜೀನೋಮ್ ಶೋಧಗಳಲ್ಲಿ ಸ್ವತಂತ್ರ ಪರೀಕ್ಷೆಗಳು ಸುಮಾರು ಹತ್ತು ಲಕ್ಷವೆಂದು ಎಣಿಸಿ, 0.05ನ್ನು ಹತ್ತು ಲಕ್ಷದಿಂದ ಭಾಗಿಸಿ, ಎರಡು ಕೋಟಿಗೆ ಒಂದೆಂಬ ಗೆರೆಯನ್ನು ಎಳೆದಿದ್ದಾರೆ. ಇಂದು ಲೋಕದಾದ್ಯಂತ ವಿಜ್ಞಾನಿಗಳು ಈ ಗೆರೆಯನ್ನೇ ಮನ್ನಿಸುತ್ತಾರೆ.

ಪರಿಣಾಮವು ದೊಡ್ಡದಾಗಿದ್ದರೆ ಈ ಬಿಗಿಯಾದ ಜರಡಿಯಲ್ಲಿಯೂ ಅದು ಉಳಿದುಕೊಳ್ಳುತ್ತದೆ. ವೃದ್ಧಾಪ್ಯದಲ್ಲಿ ದೃಷ್ಟಿಯನ್ನು ಕೆಡಿಸುವ ಅಕ್ಷಿಪಟಲದ ರೋಗವೊಂದರ ಬಗ್ಗೆ 2005ರಲ್ಲಿ ಪ್ರಕಟವಾದ ಶೋಧದಲ್ಲಿ ಇದ್ದವರು 96 ರೋಗಿಗಳು, ರೋಗವಿಲ್ಲದ 50 ಮಂದಿ. ಪರೀಕ್ಷಿಸಿದ ಗುರುತುಗಳು ಒಂದು ಲಕ್ಷಕ್ಕೂ ಮಿಕ್ಕು. ಆದರೂ ಒಂದು ವಂಶವಾಹಿಯು ಬೊನ್ಫೆರೋನಿಯ ಗೆರೆಯನ್ನು ದಾಟಿ ನಿಂತಿತು. ಬೇರೆ ಸಂಶೋಧಕರೂ ಅದನ್ನೇ ಕಂಡರು.

ಆದರೆ ಇಳುವರಿ, ಎಣ್ಣೆಯ ಅಂಶ, ಬರವನ್ನು ತಾಳುವ ಶಕ್ತಿ ಮೊದಲಾದ ಗುಣಗಳನ್ನು ಒಂದೆರಡು ವಂಶವಾಹಿಗಳು ಆಳುವುದಿಲ್ಲ. ಹತ್ತಾರು, ನೂರಾರು ವಂಶವಾಹಿಗಳು ಕೂಡಿ, ತಲಾ ಒಂದಿಷ್ಟು ಮಾತ್ರ ಸಲ್ಲಿಸುತ್ತವೆ. ಅಂಥ ಸಣ್ಣ ಸತ್ಯಗಳು ಈ ಬಿಗಿ ಜರಡಿಯಲ್ಲಿ ಕಸದೊಡನೆ ಹೊರಗೆ ಬೀಳುತ್ತವೆ. ಸುಳ್ಳಿಗೆ ಹೆದರಿ ಸತ್ಯವನ್ನೂ ಚೆಲ್ಲಿದಂತಾಗುತ್ತದೆ.

ಮಾರುಕಟ್ಟೆಯ ನ್ಯಾಯ

ಈ ಇಕ್ಕಟ್ಟಿನಿಂದ ಪಾರಾಗುವ ಹೊಸ ದಾರಿಯೊಂದನ್ನು ಇಸ್ರೇಲಿನ ಯೋವ್ ಬೆಂಜಮಿನಿ ಮತ್ತು ಯೋಸೆಫ್ ಹಾಖ್ಬರ್ಗ್ ಎಂಬ ವಿದ್ವಾಂಸರು 1995ರಲ್ಲಿ ತೋರಿಸಿದರು. ಅವರ ವಿಚಾರವನ್ನು ಶೇಂಗಾ ವ್ಯಾಪಾರದ ಉಪಮೆಯಿಂದ ತಿಳಿಯಬಹುದು. ಚೀಲದಲ್ಲಿ ಒಂದೇ ಒಂದು ಜೊಳ್ಳುಕಾಯಿಯೂ ಇರಕೂಡದೆಂದು ಹಟ ಹಿಡಿಯುವ ಖರೀದಿದಾರನು ಬೊನ್ಫೆರೋನಿಯ ಪಕ್ಷದವನು. ಅವನು ಅನೇಕ ಒಳ್ಳೆಯ ಚೀಲಗಳನ್ನೂ ಹಿಂದಕ್ಕೆ ಕಳಿಸುತ್ತಾನೆ. ನೂರಕ್ಕೆ ಐದರ ಒಳಗೆ ಜೊಳ್ಳಿದ್ದರೆ ಮಾಲು ಸರಿಯೆಂದು ಒಪ್ಪುವವನು ಬೆಂಜಮಿನಿ-ಹಾಖ್ಬರ್ಗರ ಪಕ್ಷದವನು. ಇಡೀ ಶೋಧದಲ್ಲಿ ಒಂದೂ ಸುಳ್ಳಿರಬಾರದೆನ್ನುವುದನ್ನು ಬಿಟ್ಟು, ನಾವು ಸಾರಿದ ಫಲಿತಾಂಶಗಳ ಪೈಕಿ ಸುಳ್ಳಿನ ಪಾಲು ಸರಾಸರಿಯಲ್ಲಿ ನೂರಕ್ಕೆ ಐದನ್ನು ಮೀರಬಾರದೆಂಬುದು ಇವರ ನಿಯಮ.

ಇದರ ಲೆಕ್ಕವು ಪ್ರೌಢಶಾಲೆಯ ವಿದ್ಯಾರ್ಥಿಗೂ ಸುಲಭ. ಹತ್ತು ಗುರುತುಗಳ ಪಿ-ಮೌಲ್ಯಗಳು ಚಿಕ್ಕದರಿಂದ ದೊಡ್ಡದಕ್ಕೆ ಹೀಗಿವೆಯೆಂದು ಕಲ್ಪಿಸೋಣ: 0.001, 0.004, 0.016, 0.018, 0.041, 0.09, 0.21, 0.38, 0.57, 0.83. ಮೊದಲನೆಯದಕ್ಕೆ 0.005, ಎರಡನೆಯದಕ್ಕೆ 0.010, ಮೂರನೆಯದಕ್ಕೆ 0.015, ನಾಲ್ಕನೆಯದಕ್ಕೆ 0.020, ಐದನೆಯದಕ್ಕೆ 0.025, ಹೀಗೆ ಹತ್ತನೆಯದಕ್ಕೆ 0.050ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳನ್ನು ಎಳೆಯಬೇಕು. ಈಗ ಕೊನೆಯಿಂದ ಹಿಂದಕ್ಕೆ ಬರುತ್ತ, ತನ್ನ ಗೆರೆಯೊಳಗೆ ನಿಲ್ಲುವ ಮೊದಲ ಸಂಖ್ಯೆಯನ್ನು ಹುಡುಕಬೇಕು. ಹತ್ತರಿಂದ ಐದನೆಯವರೆಗೆ ಯಾವುದೂ ನಿಲ್ಲುವುದಿಲ್ಲ. ನಾಲ್ಕನೆಯದಾದ 0.018 ತನ್ನ ಗೆರೆಯಾದ 0.020ರ ಒಳಗಿದೆ. ಆದುದರಿಂದ ಅದನ್ನೂ ಅದಕ್ಕಿಂತ ಚಿಕ್ಕವಾದ ಮೂರನ್ನೂ ಸ್ವೀಕರಿಸಬೇಕು. ಮೂರನೆಯದು ತನ್ನ ಸ್ವಂತ ಗೆರೆಯನ್ನು ಕೂದಲೆಳೆಯಷ್ಟು ಮೀರಿದ್ದರೂ ನಾಲ್ಕನೆಯದರ ಬಲದಿಂದ ಒಳಗೆ ಬರುತ್ತದೆ.

ಫಲಿತಾಂಶಗಳನ್ನು ಹೋಲಿಸಿ ನೋಡಿರಿ. ಯಾವ ಎಚ್ಚರಿಕೆಯೂ ಇಲ್ಲದೆ 0.05ರ ಗೆರೆಯನ್ನೇ ಹಿಡಿದರೆ ಐದು ಗುರುತುಗಳು. ಬೊನ್ಫೆರೋನಿಯ ಗೆರೆಯಲ್ಲಿ ಎರಡು. ಬೆಂಜಮಿನಿ-ಹಾಖ್ಬರ್ಗರ ಮೆಟ್ಟಿಲುಗಳಲ್ಲಿ ನಾಲ್ಕು. ಯಾವುದು ಸರಿ? ಅದು ಮುಂದೆ ಮಾಡಬೇಕಾದ ಕೆಲಸವನ್ನು ಅವಲಂಬಿಸಿದೆ. ಇನ್ನೊಮ್ಮೆ ಹೊಲದಲ್ಲಿ ಪರೀಕ್ಷಿಸಲು ಪಟ್ಟಿಯೊಂದನ್ನು ತಯಾರಿಸುವುದಾದರೆ, ಒಂದೆರಡು ಜೊಳ್ಳು ಸೇರಿದರೂ ಬಾಧಕವಿಲ್ಲ. ಒಂದೇ ಗುರುತನ್ನು ನಂಬಿ ಹೊಸ ತಳಿಯನ್ನು ಕಟ್ಟುವುದಾದರೆ, ಅಥವಾ ರೋಗಿಯ ಚಿಕಿತ್ಸೆಯನ್ನು ನಿರ್ಧರಿಸುವುದಾದರೆ, ಬಿಗಿಯಾದ ಜರಡಿಯೇ ಬೇಕು.

ಚೀಟಿಗಳನ್ನು ಕಲೆಸುವ ಉಪಾಯ

ಇನ್ನೊಂದು ಸೂಕ್ಷ್ಮವುಂಟು. ಒಂದೇ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿರುವ ಗುರುತುಗಳು ಸಾಮಾನ್ಯವಾಗಿ ಒಟ್ಟಾಗಿಯೇ ಮುಂದಿನ ಪೀಳಿಗೆಗೆ ಸಾಗುತ್ತವೆ. ಒಂದು ಗುರುತು ಹೇಳಿದುದನ್ನೇ ನೆರೆಯದೂ ಹೇಳುತ್ತದೆ. ಹೀಗಿರಲು 58 ಸಾವಿರ ಗುರುತುಗಳೆಂದರೆ 58 ಸಾವಿರ ಸ್ವತಂತ್ರ ಸಾಕ್ಷಿಗಳಲ್ಲ. ಅಷ್ಟರಿಂದ ಭಾಗಿಸುವುದು ಅತಿಯಾಯಿತು. ಇದಕ್ಕೆ ಗ್ಯಾರಿ ಚರ್ಚಿಲ್ ಮತ್ತು ರೆಬೆಕಾ ಡೋರ್ಜ್ ಅವರು 1994ರಲ್ಲಿ ಸೂಚಿಸಿದ ಉಪಾಯವು ಬಲು ಸೊಗಸಾದುದು. ಪ್ರತಿಯೊಂದು ಸಾಲಿನ ರೋಗಾಂಕವನ್ನು ಒಂದೊಂದು ಚೀಟಿಯಲ್ಲಿ ಬರೆದು, ಚೀಟಿಗಳನ್ನು ಚೆನ್ನಾಗಿ ಕಲೆಸಿ, ಸಾಲುಗಳಿಗೆ ಮನಬಂದಂತೆ ಹಂಚಬೇಕು. ಡಿ.ಎನ್.ಎ.ಯನ್ನು ಮಾತ್ರ ಇದ್ದಂತೆಯೇ ಬಿಡಬೇಕು. ಈಗ ಗುರುತಿಗೂ ರೋಗಕ್ಕೂ ಇದ್ದ ನಿಜವಾದ ಸಂಬಂಧ ಕಡಿದುಹೋಗಿ, ಗುರುತುಗಳ ಪರಸ್ಪರ ನೆಂಟತನ ಮಾತ್ರ ಉಳಿಯುತ್ತದೆ. ಆಗ ಎಲ್ಲ ಗುರುತುಗಳನ್ನೂ ಪರೀಕ್ಷಿಸಿ, ಅತಿ ದೊಡ್ಡ ಫಲಿತಾಂಶವನ್ನು ಬರೆದಿಡಬೇಕು. ಹೀಗೆಯೇ ಸಾವಿರ ಸಲ. ಈ ಸಾವಿರ ಸಂಖ್ಯೆಗಳಲ್ಲಿ 50 ಮಾತ್ರ ಮೀರುವ ಎತ್ತರವೇ ನಮ್ಮ ಗೆರೆ. ಗಣಕಯಂತ್ರವಿರುವುದರಿಂದ ಸಾವಿರ ಸಲ ಕಲೆಸುವುದು ಇಂದು ಕಷ್ಟವಲ್ಲ.

ಹೊಳೆಯಾಚೆಯ ಗಣಿತಜ್ಞರು

ಈ ಶೋಧಗಳಲ್ಲಿ ಒಂದೊಂದು ಗುರುತಿಗೂ ಪಿ-ಮೌಲ್ಯವನ್ನು ಲೆಕ್ಕ ಹಾಕಬೇಕಷ್ಟೆ? ಅದಕ್ಕಾಗಿ ಇಂದು ವಿಶೇಷವಾಗಿ ಬಳಕೆಯಾಗುವ ವಿಧಾನಗಳಲ್ಲೊಂದು ‘ರಾವ್ ಅವರ ಸ್ಕೋರ್ ಪರೀಕ್ಷೆ’. ಇದನ್ನು 1948ರಲ್ಲಿ ಪ್ರಕಟಿಸಿದ ಸಿ. ಆರ್. ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಜನಿಸಿದ್ದು ಹೂವಿನಹಡಗಲಿಯಲ್ಲಿ. ಮುಂಡರಗಿ ತಾಲ್ಲೂಕನ್ನು ದಾಟಿ ತುಂಗಭದ್ರೆಯ ಆಚೆಗೆ ಹೋದರೆ ಸಿಗುವ ಊರದು. ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರವನ್ನು ಕಲಿತು, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದ ಅವರು, ಕೇಂಬ್ರಿಜ್‌ನಲ್ಲಿ ಫಿಶರರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಫಿಶರರ ಪ್ರಯೋಗಾಲಯದಲ್ಲಿ ಇಲಿಗಳ ವರ್ಣತಂತುಗಳ ನಕ್ಷೆ ತಯಾರಿಸುವ ಕೆಲಸದಲ್ಲಿಯೂ ತೊಡಗಿದ್ದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದು, ಅದೇ ವರ್ಷ ಆಗಸ್ಟ್ 22ರಂದು, 102ನೆಯ ವಯಸ್ಸಿನಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ಅವರ ಪರೀಕ್ಷೆಯ ತಿರುಳು ಇಷ್ಟು. ಸಂಬಂಧವಿದೆಯೆಂದು ಊಹಿಸಿ ಪ್ರತಿ ಗುರುತಿಗೂ ಹೊಸದಾಗಿ ಸಮೀಕರಣಗಳನ್ನು ಬಿಡಿಸಬೇಕಾಗಿಲ್ಲ. ಸಂಬಂಧವೇ ಇಲ್ಲವೆಂಬ ಊಹೆಯಿಂದ ಒಂದೇ ಸಲ ಲೆಕ್ಕ ಹಾಕಿ, ದತ್ತಾಂಶವು ಆ ಊಹೆಯಿಂದ ನಮ್ಮನ್ನು ಎಷ್ಟು ಬಲವಾಗಿ ಆಚೆಗೆ ಎಳೆಯುತ್ತದೆಂಬುದನ್ನು ಅಳೆದರೆ ಸಾಕು. ಒಂದು ಸಲದ ಆ ಲೆಕ್ಕವನ್ನೇ ಲಕ್ಷಾಂತರ ಗುರುತುಗಳಿಗೂ ಬಳಸಬಹುದು. 1948ರಲ್ಲಿ ಇದರಿಂದ ಉಳಿಯುತ್ತಿದ್ದುದು ಲೇಖನಿಯ ಶ್ರಮ. ಇಂದು ಉಳಿಯುವುದು ಗಣಕಯಂತ್ರದ ದಿನಗಟ್ಟಲೆಯ ಕಾಲ.

ಶೇಂಗಾದ ಕಥೆ ಏನಾಯಿತು?

ಈಗ ಜಿ.ಪಿ.ಬಿ.ಡಿ.-4ಕ್ಕೆ ಮರಳೋಣ. ಧಾರವಾಡದ ವಿಜ್ಞಾನಿಗಳು ಹೈದರಾಬಾದಿನ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯವರೊಡನೆ ಸೇರಿ, ಈ ತಳಿಯನ್ನು ಟ್ರಾಂಬೆಯ ಟಿ.ಎ.ಜಿ.-24ರೊಡನೆ ಸಂಕರಿಸಿ ಬಂದ ಸಾಲುಗಳನ್ನು ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತುಕ್ಕು ರೋಗದಲ್ಲಿ ಸಾಲುಸಾಲುಗಳ ನಡುವಿನ ವ್ಯತ್ಯಾಸದ ಶೇಕಡಾ 55ರಷ್ಟನ್ನು ವರ್ಣತಂತುವಿನ ಒಂದೇ ಭಾಗವು ವಿವರಿಸಬಲ್ಲುದಾಗಿತ್ತು. ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಟಿ.ಜಿ.-26 ಎಂಬ ಇನ್ನೊಂದು ತಳಿಯೊಡನೆ ಮಾಡಿದ ಸಂಕರದ ಸಾಲುಗಳನ್ನೂ ಸೇರಿಸಿಕೊಂಡು, ಹೆಚ್ಚು ಗುರುತುಗಳೊಡನೆ ಪುನಃ ಹುಡುಕಿದರು. 2012ರಲ್ಲಿ ಪ್ರಕಟವಾದ ಈ ಎರಡನೆಯ ಶೋಧದಲ್ಲಿಯೂ ಅದೇ ಭಾಗವು ಎದ್ದುಬಂದಿತು. ಅದರ ಪಾಲು ಶೇಕಡಾ 80ನ್ನೂ ದಾಟಿತು. ಕಾಗೆ ಎರಡನೆಯ ಸಲ ಬೇರೆ ಮರದ ಮೇಲೆ ಕೂತಾಗಲೂ ಕೊಂಬೆ ಮುರಿದರೆ, ಆಗ ಕಾಗೆಯನ್ನು ಸಂಶಯಿಸುವುದು ನ್ಯಾಯವೇ! ಈ ಗುರುತುಗಳ ನೆರವಿನಿಂದ ಜೆ.ಎಲ್.-24 ಮೊದಲಾದ ಮೂರು ಪ್ರಸಿದ್ಧ ತಳಿಗಳಿಗೆ ತುಕ್ಕುನಿರೋಧಕ ಗುಣವನ್ನು ಸೇರಿಸಿದ ವರದಿಯು 2014ರಲ್ಲಿ ಹೊರಬಂದಿತು.

ಎರಡನೆಯ ಸಲ ನೋಡದೆ ನಂಬಿದವರ ಗತಿಯೂ ತಿಳಿದಿರಲಿ. ಮನುಷ್ಯನ ಖಿನ್ನತೆಗೆ ಕಾರಣವೆಂದು ಕೆಲವು ವಂಶವಾಹಿಗಳನ್ನು ಎರಡು ದಶಕಗಳ ಕಾಲ ನೂರಾರು ಪ್ರಬಂಧಗಳು ಹೊಗಳಿದವು. 2019ರಲ್ಲಿ ಅಂಥ 18 ಹೆಸರಾಂತ ವಂಶವಾಹಿಗಳನ್ನು ಲಕ್ಷಾಂತರ ಜನರ ದತ್ತಾಂಶದಲ್ಲಿ ಪರೀಕ್ಷಿಸಿದಾಗ, ಅವುಗಳಿಗೂ ಸುಮ್ಮನೆ ಆರಿಸಿದ ಬೇರೆ ವಂಶವಾಹಿಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಚಿಕ್ಕ ಗುಂಪುಗಳು, ಹಲವು ಪ್ರಶ್ನೆಗಳು, ಸಡಿಲವಾದ ಗೆರೆ: ಇವು ಮೂರೂ ಸೇರಿ ಎಷ್ಟೋ ವಿದ್ವಾಂಸರ ಶ್ರಮವನ್ನು ನುಂಗಿದವು.

ನಮ್ಮ ನಾಡಿನಲ್ಲಿಯೂ ಇಂಥ ಶೋಧಗಳ ಕಾಲ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರದ ಹೊಂದಾಣಿಕೆಯಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯು 10,000 ಭಾರತೀಯರ ಜೀನೋಮ್ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಅದರಿಂದ ‘ಈ ರೋಗದ ವಂಶವಾಹಿ ಪತ್ತೆಯಾಯಿತು’ ಎಂಬ ಸುದ್ದಿಗಳು ಮುಂದೆ ಬಹಳ ಬರಲಿವೆ. ಅಂಥ ಸುದ್ದಿಯನ್ನು ಓದಿದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ಎಷ್ಟು ಗುರುತುಗಳನ್ನು ಪರೀಕ್ಷಿಸಿ ಇದೊಂದನ್ನು ಆರಿಸಿದರು? ಗೆರೆಯನ್ನು ಎಲ್ಲಿ ಎಳೆದರು? ಬೇರೆ ಜನರಲ್ಲಿ, ಬೇರೆ ಹೊಲದಲ್ಲಿ, ಅದು ಮತ್ತೊಮ್ಮೆ ಕಂಡುಬಂದಿತೆ? ಈ ಮೂರಕ್ಕೂ ಸಮಾಧಾನಕರವಾದ ಉತ್ತರ ದೊರೆತಾಗ ಮಾತ್ರ ಆ ಸುದ್ದಿಯನ್ನು ನಂಬಿ ಬಿತ್ತಬಹುದು.